ಎಂಜಲು ಬೋಣಿ

ಅಂಕೋಲೆಯ ಮೀನು ಮಾರ್ಕೆಟ್ಟಿಗೆ ಹೊಸದಾಗಿ ಬಂದವರು ಮಂಗಲಾ ಹರಿಕಂತ್ರಳ ಬುಟ್ಟಿಯ ಎದುರು ಒಮ್ಮೆಯಾದರೂ ಪೆಚ್ಚಾಗದೆ ಹೋಗುತ್ತಿರಲಿಲ್ಲ. ಬುಟ್ಟಿಯ ತುಂಬ ಬಂಗಡೆ ಹೊಳೆಯುತ್ತಿತ್ತು, ಪಕ್ಕದ ಬಾಳೆಲೆಯ ಮೇಲೆ ತಾರ್ಲೆ ಎಂಬ ಸಣ್ಣ ಮೀನಿನ ರಾಶಿ ಬಿದ್ದಿರುತ್ತಿತ್ತು, ಕೊಳ್ಳುವವರ ಕೈಯಲ್ಲಿ ದುಡ್ಡೂ ಇರುತ್ತಿತ್ತು. ಆದರೂ ಆಕೆ ಮಾರುತ್ತಿರಲಿಲ್ಲ. ಒಂದು ಸಲ ಹುಬ್ಬಳ್ಳಿಯ ಕಾರಿನವರು ಬಂದು ಇಡೀ ಬುಟ್ಟಿಯನ್ನೇ ಕೊಡು ಎಂದರು. ಮಂಗಲಾ ಅವರ ಮುಖವನ್ನೂ ನೋಡದೆ ಮೀನಿನ ಮೇಲೆ ನೀರು ಚಿಮುಕಿಸುತ್ತ, "ಸ್ವಲ್ಪ ತಡೀರಿ. ಬೋಣಿ ಆಗ್ಲಿಲ್ಲ" ಎಂದಳು.

"ನಾವ ಬೋಣಿ ಮಾಡ್ತೀವಿ ತಗೋ ಯವ್ವಾ."

"ನಿಮ್ಮ ಕೈಯಾಗೆ ಆಗೂದಲ್ಲ ಅದು. ನಮ್ಮ ಜಟ್ಟಣ್ಣ ಬರಬೇಕು."

ಜಟ್ಟಣ್ಣ ಎಂದರೆ ಊರಿನ ದೊಡ್ಡ ಕುಳ ಇರಬೇಕು ಎಂದುಕೊಂಡು ಕಾರಿನವರು ಕಾದರು. ಬಂದವನು ಮಾಸಿದ ಲುಂಗಿ ಉಟ್ಟು, ಸೈಕಲ್ಲಿನ ಹ್ಯಾಂಡಲ್ಲಿಗೆ ಚೀಲ ನೇತುಹಾಕಿಕೊಂಡಿದ್ದ ಒಬ್ಬ ಒಣಕಲು ಮುದುಕ. ಕೊಂಡದ್ದು ಒಂದು ಹಿಡಿ ತಾರ್ಲೆ. ಆತ ಕೊಟ್ಟ ನೋಟನ್ನು ಮಂಗಲಾ ಬುಟ್ಟಿಯ ಅಂಚಿಗೆ ಮುಟ್ಟಿಸಿ, ಎರಡೂ ಕಣ್ಣಿಗೆ ಒತ್ತಿಕೊಂಡು, ಸೊಂಟದ ಚೀಲಕ್ಕೆ ಸೇರಿಸಿದಳು. ಆಮೇಲೆ ಕಾರಿನವರ ಕಡೆ ತಿರುಗಿ, ಈಗಷ್ಟೇ ಅವರನ್ನು ಕಂಡವಳ ಹಾಗೆ, "ಹಾಂ, ಎಷ್ಟು ಬೇಕು ಹೇಳಿ" ಎಂದಳು.

ದಿನದ ಮೊದಲ ವ್ಯಾಪಾರ ಯಾರ ಕೈಯಿಂದ ಆಗುತ್ತದೋ ಇಡೀ ದಿನ ಆ ಕೈಯ ಗುಣದ ಮೇಲೆ ನಡೆಯುತ್ತದೆ ಎಂಬುದರಲ್ಲಿ ಆ ಸಾಲಿನಲ್ಲಿ ಕೂರುವ ಯಾವ ಹೆಂಗಸಿಗೂ ಅನುಮಾನವಿಲ್ಲ. ಆದರೆ ಉಳಿದವರು ಒಳ್ಳೆಯ ಕೈ ಬರಲಿ ಎಂದು ದೇವರಿಗೆ ಕೈಮುಗಿದು, ಬಂದವರಿಗೆ ಮಾರುತ್ತಾರೆ. ಮಂಗಲಾ ಒಬ್ಬಳೇ ಕೈಯನ್ನು ಆರಿಸಿಕೊಂಡು ಕೂತವಳು. ಸೊಸೆ ಮಾನಸಾ ಫೋನಿನಲ್ಲಿ ದುಡ್ಡು ಹಾಕುವ ಚೌಕುಳಿ ಚೀಟಿಯೊಂದನ್ನು ತಂದು ಬುಟ್ಟಿಗೆ ಅಂಟಿಸಿದಾಗಲೂ, "ಅದೆಲ್ಲ ಆಮೇಲಿನ ಗಿರಾಕಿಗೆ. ಬೋಣಿಗೆ ನಡೆಯೂದಲ್ಲ. ಫೋನಿಗೆ ಕೈ ಎಲ್ಲದೆ? ಕೈಯಿಲ್ದೆ ಕೈಗುಣ ಎಲ್ಲಿಂದ ಬತ್ತದೆ?" ಎಂದು ಕೇಳಿದಳು. ಮಾನಸಾ ಬಿ.ಕಾಂ. ಓದಿದವಳು. ಅವಳೂ ಚೀಟಿಯನ್ನು ಕಿತ್ತು ಬುಟ್ಟಿಯ ಹಿಂಬದಿಗೆ ಅಂಟಿಸಿದಳು.

ಮಂಗಲಾಳ ಮನೆ ಹಾರವಾಡದಲ್ಲಿ, ಸಮುದ್ರದ ದಂಡೆಗೆ ಬೆನ್ನು ಹಾಕಿ ನಿಂತ ಮನೆಗಳ ಸಾಲಿನಲ್ಲಿ. ಗಂಡ ರಾಮಾ ದೋಣಿಯ ಮೇಲೆ ಹುಲಿಯಂತಿದ್ದವನು. ಕಡಲು ಅವನನ್ನು ಏನೂ ಮಾಡಲಿಲ್ಲ, ಕಾಮಾಲೆ ಮಾಡಿತು. ಆಗ ಮಗ ಕಿಶೋರ ಇನ್ನೂ ಶಾಲೆಯಲ್ಲಿದ್ದ, ಮಗಳು ಲತಾ ಸೆರಗು ಹಿಡಿದು ನಡೆಯುವಷ್ಟು ಚಿಕ್ಕವಳು. ಮಂಗಲಾ ಅತ್ತಳು, ತಿಂಗಳು ಕಳೆಯುವುದರೊಳಗೆ ಬುಟ್ಟಿ ಹೊತ್ತಳು. ಮುಂಜಾನೆ ಕಾರವಾರದ ಬೈತಕೋಲ ಬಂದರಿನಲ್ಲಿ ಹರಾಜು ಕೂಗಿ ಮೀನು ಕೊಳ್ಳುವುದು, ಟೆಂಪೋದಲ್ಲಿ ಅಂಕೋಲೆಗೆ ಬರುವುದು, ಮಾರಿ ಉಳಿದದ್ದನ್ನು ತಲೆಯ ಮೇಲೆ ಹೊತ್ತು ಕೇರಿ ಕೇರಿ ತಿರುಗುವುದು. ಅದೇ ದುಡಿಮೆಯಲ್ಲಿ ಕಿಶೋರ ದೊಡ್ಡವನಾಗಿ ಟ್ರಾಲರ್ ಹತ್ತಿದ, ಲತಾ ಮದುವೆಯಾಗಿ ಬಿಣಗಾಕ್ಕೆ ಹೋದಳು. ಮಂಗಲಾಳ ಬಾಯಿ ಜೋರಾಯಿತು, ಕೂದಲು ಬೆಳ್ಳಗಾಯಿತು, ಮೊಣಕಾಲು ಕೈಕೊಟ್ಟಿತು. ಮೊಣಕಾಲಿನ ವಿಷಯವನ್ನು ಆಕೆ ಯಾರೆದುರೂ ಒಪ್ಪಿಕೊಳ್ಳುತ್ತಿರಲಿಲ್ಲ. ಏಳುವಾಗ ಕಂಬ ಹಿಡಿಯುತ್ತಿದ್ದಳು, ಯಾರಾದರೂ ನೋಡಿದರೆ ಕಂಬ ಸರಿಯಿದೆಯೋ ಇಲ್ಲವೋ ಪರೀಕ್ಷೆ ಮಾಡುತ್ತಿದ್ದವಳಂತೆ ಅದನ್ನು ತಟ್ಟುತ್ತಿದ್ದಳು.

ಜಟ್ಟ ಭಾವಿಕೇರಿಯವನು. ಹರೆಯದಲ್ಲಿ ಊರಿನ ತೆಂಗಿನ ಮರಗಳೆಲ್ಲ ಅವನವೇ ಅನ್ನಬೇಕು, ಅಷ್ಟು ಹತ್ತಿ ಕಾಯಿ ಕೊಯ್ದಿದ್ದ. ಹೆಂಡತಿ ಶಂಕರಿ ತೀರಿಹೋದ ಮೇಲೆ ಮಗಳು ಸ್ವಾತಿ ಮತ್ತು ಅಳಿಯನ ಜೊತೆ ಇದ್ದ. ಈಗ ಮರ ಹತ್ತುವುದನ್ನು ಬಿಟ್ಟು ಕಾಯಿ ಸುಲಿಯುವುದು, ಬೇಲಿ ಕಟ್ಟುವುದು, ಸಿಕ್ಕ ಕೂಲಿ ಮಾಡುವುದು. ಮಾತು ಕಡಿಮೆ. ಇಲ್ಲ ಎನ್ನುವ ಶಬ್ದವಂತೂ ಅವನ ಬಾಯಿಯಿಂದ ಹೊರಟದ್ದನ್ನು ಕೇಳಿದವರಿಲ್ಲ.

ಈ ಬೋಣಿ ಶುರುವಾದದ್ದು ಹೀಗೆ. ಮಳೆಗಾಲ ಮುಗಿದ ಹೊಸತರಲ್ಲಿ ಒಂದು ವಾರ ಮಂಗಲಾಳಿಗೆ ಮುಟ್ಟಿದ್ದೆಲ್ಲ ಹಾಳು. ಮೀನು ತಂದರೆ ಜನವಿಲ್ಲ, ಜನ ಬಂದರೆ ಮೀನು ಮೆತ್ತಗಾಗಿರುತ್ತಿತ್ತು. ಅಂಥ ಒಂದು ಬೆಳಿಗ್ಗೆ ಜಟ್ಟ ಬಂದು ನಿಂತ. ಚೌಕಾಸಿ ಮಾಡಲಿಲ್ಲ, ಕಿವಿರು ಎತ್ತಿ ನೋಡಲಿಲ್ಲ, ಕೊಟ್ಟದ್ದನ್ನು ತೆಗೆದುಕೊಂಡು ಹೋದ. ಅಂದು ಮಧ್ಯಾಹ್ನದೊಳಗೆ ಬುಟ್ಟಿ ಬರಿದಾಯಿತು. ಮರುದಿನವೂ ಅವನೇ ಬಂದ, ಮತ್ತೆ ಬರಿದಾಯಿತು. ಮೂರನೆಯ ದಿನದಿಂದ ಮಂಗಲಾ ಅವನಿಗಾಗಿ ಕಾಯತೊಡಗಿದಳು.

ವರ್ಷಗಳು ಉರುಳಿದವು. ಬೋಣಿಯ ಹಿಂದೆ ಚಹಾ ಬಂತು. ಮೂಲೆಯ ಗೂಡಂಗಡಿಯಿಂದ ಎರಡು ಗ್ಲಾಸು ತರಿಸಿ, ಮಂಗಲಾ ಬುಟ್ಟಿಯ ಈಚೆ, ಜಟ್ಟ ಆಚೆ ಕುಕ್ಕರಗಾಲಲ್ಲಿ ಕೂತು ಕುಡಿಯುತ್ತಿದ್ದರು. ಮಂಗಲಾ ಮಾತಾಡುವುದು, ಜಟ್ಟ ಕೇಳುವುದು. ಬಂದರಿನಲ್ಲಿ ಯಾರು ಯಾರಿಗೆ ಮೋಸ ಮಾಡಿದರು, ಕಿಶೋರ ಎಷ್ಟು ಸೊಕ್ಕಿನವನಾಗಿದ್ದಾನೆ, ಲತಾಳ ಅತ್ತೆ ಎಂಥ ಜಾತಿಯ ಹೆಂಗಸು, ಎಲ್ಲ. ಅವನ ತಾರ್ಲೆಯನ್ನು ಆಕೆ ತಾನೇ ಕೆರೆದು, ಹೊಟ್ಟೆ ತೆಗೆದು, ತೊಳೆದು ಕೊಡುತ್ತಿದ್ದಳು. ಬೇರೆ ಯಾರಾದರೂ ಕೇಳಿದರೆ, "ನಿಮ್ಮನೇಲಿ ಕತ್ತಿ ಇಲ್ವಾ?" ಎನ್ನುತ್ತಿದ್ದಳು. ಚಹಾ ಮುಗಿದ ಮೇಲೆ ಜಟ್ಟ ಎದ್ದು ಬಸ್ ಸ್ಟ್ಯಾಂಡಿನ ಕಡೆ ಹೋಗುತ್ತಿದ್ದ. ಕೂಲಿಗೆ ಕರೆಯುವವರು ಅಲ್ಲಿಗೇ ಬರುತ್ತಿದ್ದರು.

ಇದಕ್ಕೊಂದು ಹೆಸರಿಡಬೇಕು ಎಂದು ಇಬ್ಬರಿಗೂ ಹೊಳೆದಿರಲಿಲ್ಲ. ಆಕೆ ಅವನಿಗೆ ಜಟ್ಟಣ್ಣ ಅನ್ನುತ್ತಿದ್ದಳು, ಅವನು ಆಕೆಗೆ ಮಂಗಲಕ್ಕ ಅನ್ನುತ್ತಿದ್ದ. ನಮ್ಮ ಕಡೆ ಬಸ್ಸಿನ ಕಂಡಕ್ಟರನೂ ಅಣ್ಣನೇ, ಓಟು ಕೇಳಲು ಬಂದವನೂ ಅಣ್ಣನೇ. ಆದರೆ ಇಷ್ಟು ವರ್ಷ ದಿನಾ ಅಣ್ಣ ಎಂದು ಕರೆದ ಮೇಲೆ ಮನಸ್ಸು ಬೇರೆ ದಾರಿ ಹಿಡಿದಿದ್ದರೂ ಅದನ್ನು ಮಾತಾಡಿಸುವ ಧೈರ್ಯ ಯಾರಿಗಿರುತ್ತದೆ? ಸುಮ್ಮನೆ ಚಹಾ ಕುಡಿಯುವುದೇ ಸುಲಭ.

ಹೀಗಿರುವಾಗ ಪಕ್ಕದ ಜಾಗಕ್ಕೆ ಬೀರಿ ಬಂದು ಕೂತಳು.

ಬೀರಿ ಬೇಲೆಕೇರಿ ಕಡೆಯವಳು. ಮಂಗಲಾಗಿಂತ ಚಿಕ್ಕವಳು, ಅವಳೂ ಗಂಡನನ್ನು ಕಳೆದುಕೊಂಡವಳು, ಆದರೆ ನಗು ಕಳೆದುಕೊಂಡಿರಲಿಲ್ಲ. ಅವಳು ನಕ್ಕರೆ ಮಾರ್ಕೆಟ್ಟಿನ ಆ ತುದಿಯ ಕೋಳಿ ಅಂಗಡಿಯವನೂ ಕತ್ತಿ ನಿಲ್ಲಿಸಿ ನೋಡುತ್ತಿದ್ದ. ಕೆಲವು ದಿನ ಪಕ್ಕದ ಬುಟ್ಟಿ ಬೇಗ ಬರಿದಾಗುವುದನ್ನು ಗಮನಿಸಿ, ಕಾರಣ ವಿಚಾರಿಸಿ ತಿಳಿದುಕೊಂಡು, ಒಂದು ಬೆಳಿಗ್ಗೆ ಜಟ್ಟ ಚಹಾ ಕುಡಿದು ಏಳುತ್ತಿರುವಾಗ, "ಜಟ್ಟಣ್ಣಾ, ನನ್ ಬುಟ್ಟಿ ಎಂತ ಪಾಪ ಮಾಡ್ಯದೆ? ಅದ್ಕೂ ಒಂದ್ಸಲ ನಿನ್ ಕೈ ಮುಟ್ಸಿ ಹೋಗೋ" ಎಂದಳು.

ಜಟ್ಟ ಮಂಗಲಾಳ ಮುಖ ನೋಡಿದ. ಮಂಗಲಾ ಕಂಬ ನೋಡಿದಳು. ಇಲ್ಲ ಎನ್ನಲಾರದ ಮನುಷ್ಯ ಬೀರಿಯ ಹತ್ತಿರವೂ ನಾಲ್ಕು ಬಂಗಡೆ ಕೊಂಡ.

ಅಂದಿನಿಂದ ಅದೂ ವಾಡಿಕೆಯಾಯಿತು. ಮೊದಲು ಮಂಗಲಾಳ ಬೋಣಿ, ಆಮೇಲೆ ಬೀರಿಯದು. ಮಂಗಲಾಳ ಒಳಗೆ ಬೆಂಕಿ ಬಿದ್ದಿತ್ತು. ಕೈಗುಣ ಎರಡು ಪಾಲಾದರೆ ತನ್ನ ವ್ಯಾಪಾರ ಅರ್ಧವಾಗುತ್ತದೆ, ಅದಕ್ಕೇ ತನಗೆ ಸಂಕಟ ಎಂದು ಆಕೆ ತನಗೇ ತಿಳಿಹೇಳಿಕೊಂಡಳು. ವ್ಯಾಪಾರವೇನೂ ಅರ್ಧವಾಗಲಿಲ್ಲ. ಸಂಕಟ ಮಾತ್ರ ಎರಡರಷ್ಟಾಯಿತು. ಬೀರಿ ನಕ್ಕಾಗ ಜಟ್ಟನ ಮುಖದಲ್ಲಿ ಒಂದು ಸಣ್ಣ ನಗು ಬರುತ್ತಿತ್ತು. ಮಂಗಲಾ ಅದನ್ನು ಮೀನಿನ ಕಣ್ಣು ಪರೀಕ್ಷಿಸುವಷ್ಟೇ ಹತ್ತಿರದಿಂದ ಪರೀಕ್ಷಿಸುತ್ತಿದ್ದಳು. ಚಹಾದ ಹೊತ್ತಿನ ಮಾತು ಕಡಿಮೆಯಾಯಿತು. ಅವನ ತಾರ್ಲೆಯನ್ನು ಕೆರೆಯುವ ಕತ್ತಿಯ ಸದ್ದು ಜೋರಾಯಿತು.

ದೀಪಾವಳಿ ಕಳೆದ ಮೇಲೆ ಒಂದು ದಿನ ಬಿಣಗಾದ ಹತ್ತಿರ ಹೆದ್ದಾರಿಯಲ್ಲಿ ಲಾರಿಯೊಂದು ಅಡ್ಡ ನಿಂತು ಮಂಗಲಾಳ ಟೆಂಪೋ ಸಿಕ್ಕಿಬಿತ್ತು. ಮೀನಿನ ಮೇಲೆ ಹಾಕಿದ ಬರ್ಫ ಕರಗಿ ನೀರಾಗುತ್ತಿತ್ತು. ಜಟ್ಟಣ್ಣ ಕಾಯುತ್ತಿರುತ್ತಾನೆ ಎಂಬುದೊಂದೇ ಆಕೆಯ ತಲೆಯಲ್ಲಿ. ಅಂತೂ ಅಂಕೋಲೆ ಮುಟ್ಟಿ, ಬುಟ್ಟಿ ಹೊತ್ತು, ಮೊಣಕಾಲಿನ ನೋವನ್ನು ಹಲ್ಲು ಕಚ್ಚಿ ತಡೆದು ಮಾರ್ಕೆಟ್ಟಿನೊಳಗೆ ಬಂದರೆ, ಜಟ್ಟ ಕಾಯುತ್ತಲೇ ಇದ್ದ. ಆದರೆ ಅವನ ಕೈಯಲ್ಲಿ ಬೀರಿ ಕಟ್ಟಿಕೊಟ್ಟ ಮೀನಿನ ಪೊಟ್ಟಣವಿತ್ತು.

"ಬಂದ್ಯಾ ಮಂಗಲಕ್ಕ? ತಡ ಆಯ್ತಲ್ಲ, ಎಂತ ಆಯ್ತೋ ಅಂತ ಹೆದರ್ಕಂಡಿದ್ದೆ" ಎನ್ನುತ್ತ ಜಟ್ಟ ಲುಂಗಿಯ ಮಡಿಕೆಯಿಂದ ನೋಟು ತೆಗೆದು ಚಾಚಿದ.

ಮಂಗಲಾ ಬುಟ್ಟಿಯನ್ನು ಧಡಕ್ಕನೆ ಇಳಿಸಿದಳು. "ಅವಳ ಬುಟ್ಟಿಗೆ ಮುಟ್ಸಿದ ಕೈಯ ನಂಗೆ ತೋರಸ್ಬೇಡ. ಎಂಜಲು ಬೋಣಿ ನಂಗೆ ಬ್ಯಾಡ!"

ಮಾರ್ಕೆಟ್ಟು ನಿಂತುಹೋಯಿತು. ಕೊಳ್ಳುವವರು, ಮಾರುವವರು, ಕೋಳಿಯವನು, ಎಲ್ಲರೂ ತಿರುಗಿದರು. ಅಲ್ಲಿಗೆ ನಿಲ್ಲಿಸಿದ್ದರೆ ಒಳ್ಳೆಯದಿತ್ತು. ಆದರೆ ಮಂಗಲಾ ಒಮ್ಮೆ ಶುರು ಮಾಡಿದರೆ ಅರ್ಧಕ್ಕೆ ನಿಲ್ಲಿಸುವವಳಲ್ಲ. "ನಕ್ಕು ಮಾತಾಡಿದವ್ರ ಹತ್ರ ಹೋಗು. ನನ್ ಬುಟ್ಟಿ ಹತ್ರ ಇನ್ ಮೇಲೆ ಬರೂದು ಬ್ಯಾಡ" ಎಂದೂ ಸೇರಿಸಿದಳು.

ಜಟ್ಟ ಸ್ವಲ್ಪ ಹೊತ್ತು ನೋಟು ಹಿಡಿದುಕೊಂಡೇ ನಿಂತಿದ್ದ. ಆಮೇಲೆ ಅದನ್ನು ಮತ್ತೆ ಮಡಿಕೆಗೆ ಸೇರಿಸಿ, ಪೊಟ್ಟಣವನ್ನು ಬೀರಿಯ ಬುಟ್ಟಿಯ ಪಕ್ಕ ಇಟ್ಟು, ಸೈಕಲ್ ತಳ್ಳಿಕೊಂಡು ಹೋದ. ಹತ್ತಿ ಕೂರಲೂ ಇಲ್ಲ.

ಮರುದಿನ ಅವನು ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಮಂಗಲಾ ಹಟಕ್ಕೆ ಬಿದ್ದು, ಮೊದಲು ಬಂದ ಗಿರಾಕಿಗೇ ಬೋಣಿ ಮಾಡಿದಳು. ಇನ್ನು ತನ್ನ ಕಥೆ ಮುಗಿಯಿತು, ಮೀನು ಕೊಳೆಯುತ್ತದೆ, ಆಗ ಜಟ್ಟನನ್ನು ಕರೆಸಲು ತನಗೊಂದು ನೆವ ಸಿಗುತ್ತದೆ ಎಂದು ಎಣಿಸಿಕೊಂಡಳು. ಆದರೆ ಬುಟ್ಟಿ ಎಂದಿನಂತೆ ಬರಿದಾಯಿತು. ಮಾರನೆಯ ದಿನ ಇನ್ನೂ ಬೇಗ. ಗುರುತಿಲ್ಲದ ಮುಖಗಳು ಉಳಿದ ಬುಟ್ಟಿಗಳನ್ನೆಲ್ಲ ದಾಟಿ ನೆಟ್ಟಗೆ ಬಂದು ಅವಳೆದುರು ನಿಂತವು. ಮಂಗಲಾ ಸಿಟ್ಟಿನಿಂದ ದರ ಏರಿಸಿದಳು. ಅವರು ಗೊಣಗಿಕೊಂಡು ಕೊಟ್ಟರು. ಬಂಗಡೆ ಸಣ್ಣದು, ಬೇಕಾದರೆ ತಗೊಳ್ಳಿ ಎಂದಳು. ಪರವಾಗಿಲ್ಲ ಎಂದರು. ಮೀನು ಮಾರಾಟವಾಗಲಿ ಎಂದು ದೇವರಿಗೆ ಹರಕೆ ಹೊತ್ತವರನ್ನು ಆ ದೇವರು ಬೇಕಾದಷ್ಟು ಕಂಡಿರಬೇಕು. ಆಗದಿರಲಿ ಎಂದು ಬೇಡಿಕೊಂಡವಳು ಮಂಗಲಾ ಒಬ್ಬಳೇ ಇರಬೇಕು.

ಬರಿದಾದ ಬುಟ್ಟಿಯ ಮುಂದೆ ಕೂತು ಆಕೆ ಲೆಕ್ಕ ಹಾಕಿದಳು. ಜಟ್ಟನ ಕೈಯಲ್ಲಿ ಯಾವ ಗುಣವೂ ಇರಲಿಲ್ಲ. ಅವನಿಲ್ಲದೆಯೂ ಮೀನು ಹೋಗುತ್ತದೆ. ಹಾಗಾದರೆ ಇಷ್ಟು ವರ್ಷ ಗಿರಾಕಿಗಳನ್ನು ನಿಲ್ಲಿಸಿ, ಕಾರಿನವರನ್ನು ಕಾಯಿಸಿ, ಬಾಗಿಲ ಕಡೆ ಕಣ್ಣು ನೆಟ್ಟು ತಾನು ಕಾದದ್ದು ಯಾತಕ್ಕೆ? ಉತ್ತರ ಬಂದಾಗ ಆಕೆಗೆ ಈ ವಯಸ್ಸಿನಲ್ಲಿ ಮುಖ ಬಿಸಿಯಾಯಿತು. ಅವಳಿಗೆ ಜಟ್ಟ ಬೇಕಾಗಿದ್ದ. ಚಹಾದ ಗ್ಲಾಸಿನ ಆಚೆಗೆ ಅವನ ಆ ಒಣಕಲು ಮುಖ ಬೇಕಾಗಿತ್ತು. ಅವನು ಕೇಳದಿದ್ದರೆ ಅವಳ ಮಾತು ಮಾತಾಗುತ್ತಿರಲಿಲ್ಲ. ಇಷ್ಟು ಸಣ್ಣ ವಿಷಯ ತಿಳಿಯಲು ಅವನನ್ನು ಊರೆದುರು ಅವಮಾನ ಮಾಡಬೇಕಾಯಿತಲ್ಲ ಎಂದು ಆಕೆಗೆ ತನ್ನ ಮೇಲೆಯೇ ಕೆಟ್ಟ ಸಿಟ್ಟು ಬಂತು.

ಜಗಳದ ಸುದ್ದಿ ಹಾರವಾಡಕ್ಕೂ ಮುಟ್ಟಿತ್ತು. ಕಿಶೋರ ಬೋಟು ಇಳಿದು ಮನೆಗೆ ಬಂದವನೇ ಊಟದ ತಟ್ಟೆ ಸರಿಸಿ ಕೇಳಿದ: "ಆಯಿ, ಆ ಕಾಯಿ ಕೊಯ್ಯೂ ಜಟ್ಟನ ಸಲುವಾಗಿ ಮಾರ್ಕೆಟ್ಟಿನಾಗೆ ಗಲಾಟೆ ಮಾಡಿದ್ಯಂತೆ? ಈ ವಯಸ್ಸಿನಾಗೆ? ಅವ್ರ ಜಾತಿ ಬೇರೆ, ನಮ್ದು ಬೇರೆ. ಜನ ಎಂತ ಹೇಳ್ತ್ರು?"

"ಜನ ಬಂಗಡೆಗೆ ಎಷ್ಟು ಅಂತ ಕೇಳ್ತ್ರು. ಬೇರೆ ಎಂತ ಹೇಳೂಲ್ಲ."

"ನಗಬೇಡ. ಇನ್ನೊಂದ್ ಸಲ ನಿಮ್ಮಿಬ್ರ ಸುದ್ದಿ ನನ್ ಕಿವಿಗೆ ಬಿದ್ರೆ ನಾನೇ ಬಂದು ನಿನ್ ಬುಟ್ಟಿ ಎತ್ಕಂಡು ಬತ್ತೆ. ಮನೆಯಾಗೆ ಕೂತ್ಕ."

ಹಾಗೆ ಮಾಡಿಯೇ ತೀರುವ ಮಗ ಅವನು. ಹಟ ಯಾರಿಂದ ಬಂತು ಎಂದು ಮಂಗಲಾಳಿಗೆ ಗೊತ್ತಿದ್ದರಿಂದ ಆಕೆ ವಾದಿಸಲಿಲ್ಲ.

ಆ ಭಾನುವಾರ ಬೀರಿ ತನ್ನ ಬುಟ್ಟಿಯನ್ನು ಬದಿಗೆ ಸರಿಸಿ ಮಂಗಲಾಳ ಪಕ್ಕಕ್ಕೇ ಬಂದು ಕೂತಳು. ಜಗಳವಾದ ಮೇಲೆ ಇಬ್ಬರೂ ಮಾತಾಡಿರಲಿಲ್ಲ.

"ಮಂಗಲಕ್ಕ, ಅಂವ ನನ್ ಹತ್ರಾನೂ ಬರ್ಲಿಲ್ಲ, ಗೊತ್ತಿತ್ತಾ? ಬೆಳಿಗ್ಗೆ ಆದ್ರೆ ಬಸ್ ಸ್ಟ್ಯಾಂಡಿನಾಗೆ ಕಂಬದಂಗೆ ನಿಂತಿರ್ತ. ನಾಡಿದ್ದು ರಾಮನಗುಳಿಗೆ ಹೊಂಟ. ಅಲ್ಲಿ ಯಾರ್ದೋ ಗೇರು ತೋಟ ಕಾಯೂ ಕೆಲಸ ಅಂತೆ. ಅಲ್ಲೇ ಇರೂದು, ಅಲ್ಲೇ ಉಣ್ಣೂದು."

ಮಂಗಲಾ ಕೈಯಲ್ಲಿದ್ದ ಬಂಗಡೆಯನ್ನು ಬುಟ್ಟಿಗೆ ಒಗೆದಳು. "ಹೋಗ್ಲಿ. ನಂಗೆಂತಕೆ ಹೇಳ್ತೆ?"

"ಇನ್ಯಾರಿಗೆ ಹೇಳೂದು? ನಂಗೆ ಬೋಣಿ ಬೇಕಾಗಿತ್ತು. ನಿಂಗೆ ಅಂವ ಬೇಕಾಗಿತ್ತು. ಇಡೀ ಮಾರ್ಕೆಟ್ಟಿಗೆ ಗೊತ್ತದೆ, ನಿಮ್ಗಿಬ್ರಿಗೆ ಬಿಟ್ಟು." ಬೀರಿ ತನ್ನ ದೊಡ್ಡ ನಗು ನಕ್ಕಳು. ಈ ಸಲ ಅದು ಮಂಗಲಾಳಿಗೆ ಅಷ್ಟು ಕೆಟ್ಟದಾಗಿ ಕೇಳಿಸಲಿಲ್ಲ.

ಸೋಮವಾರ ಬಹಳಷ್ಟು ಮನೆಗಳಲ್ಲಿ ಮೀನು ಮಾಡುವುದಿಲ್ಲ. ಮಂಗಲಾ ಅಂದು ಬಂದರಿಗೆ ಹೋಗದೆ, ತಲೆಗೆ ಎಣ್ಣೆ ಹಚ್ಚಿ ಬಾಚಿ, ಮೀನಿನ ನೀರು ತಾಗದ ಸೀರೆಯೊಂದನ್ನು ಉಟ್ಟು, ಭಾವಿಕೇರಿಗೆ ಹೊರಟಳು. ಮಾನಸಾ ಬಾಗಿಲಲ್ಲಿ ನಿಂತು ನೋಡಿದಳು, ಸೆರಗಿಗೆ ಒಂದು ಪಿನ್ನು ಮಾತ್ರ ಹಾಕಿಕೊಟ್ಟಳು.

ಭಾವಿಕೇರಿಯ ಓಣಿ ಓಣಿಯೂ ಮಂಗಲಾಳಿಗೆ ಗೊತ್ತು. ಬುಟ್ಟಿ ಹೊತ್ತು ಆಕೆ ಹೊಗದ ಅಂಗಳ ಅಲ್ಲಿಲ್ಲ. ಆದರೆ ಬುಟ್ಟಿಯಿಲ್ಲದೆ ಬಂದದ್ದು ಇದೇ ಮೊದಲು. ಮೊದಲ ಮನೆಯ ಹೆಂಗಸು ತಟ್ಟೆ ಹಿಡಿದು ಓಡಿ ಬಂದವಳು, "ಮೀನೆಲ್ಲದೆ?" ಎಂದು ಕಂಗಾಲಾದಳು. ಎರಡನೆಯ ಮನೆಯ ಅಜ್ಜ, "ಸೋಮವಾರ ಎಂತಕೆ ಬಂದ್ಯೆ?" ಎಂದು ಬೈದ. ಮೂರನೆಯ ಮನೆಯವರಿಗೆ ಆಕೆಯ ಗುರುತೇ ಸಿಗಲಿಲ್ಲ. ತಲೆಯ ಮೇಲೆ ಭಾರವಿಲ್ಲದೆ ಆಕೆಗೆ ನೆಟ್ಟಗೆ ನಡೆಯಲು ಬರುತ್ತಿರಲಿಲ್ಲ, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯುತ್ತಿರಲಿಲ್ಲ. ಬುಟ್ಟಿಯಿದ್ದರೆ ಯಾರ ಮನೆಗೂ ಹೋಗಬಹುದು, ಯಾಕೆ ಬಂದೆ ಎಂದು ಯಾರೂ ಕೇಳುವುದಿಲ್ಲ. ಇವತ್ತು ಕೇಳಿದರೆ ಹೇಳಲು ಅವಳ ಹತ್ತಿರ ನಿಜವೊಂದೇ ಇತ್ತು.

ಜಟ್ಟ ಅಂಗಳದಲ್ಲಿ ಕೂತು ಕಾಯಿ ಸುಲಿಯುತ್ತಿದ್ದ. ಜಗಲಿಯ ಮೇಲೆ ಕಟ್ಟಿಟ್ಟ ಗಂಟೊಂದಿತ್ತು. ಮಂಗಲಾಳನ್ನು ಕಂಡು ಅವನು ಎದ್ದು ನಿಂತ. ಒಳಗಿನಿಂದ ಸ್ವಾತಿ ಬಂದಳು, ಇಬ್ಬರ ಮುಖ ನೋಡಿದಳು, ಬಾಗಿಲ ಹತ್ತಿರವೇ ನಿಂತಳು.

ದಾರಿಯುದ್ದಕ್ಕೂ ಮಂಗಲಾ ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಜೋಡಿಸಿಕೊಂಡು ಬಂದಿದ್ದಳು. ಮೊದಲು ತಪ್ಪಾಯಿತು ಎನ್ನಬೇಕು, ಆಮೇಲೆ ಉಳಿದದ್ದು. ಬಾಯಿ ತೆರೆದಾಗ ಬಂದದ್ದೇ ಬೇರೆ.

"ಜಟ್ಟಣ್ಣ, ನಿನ್ ಕೈಯಾಗೆ ಎಂತ ಗುಣವೂ ಇಲ್ಲ. ನೀ ಬರದಿದ್ದ ದಿನ ಎಲ್ಲ ನನ್ ಬುಟ್ಟಿ ಖಾಲಿ ಆಗ್ಯದೆ. ಬೇಗ ಬೇಗ ಖಾಲಿ ಆಗ್ಯದೆ."

ಜಟ್ಟ ಕೈಯಲ್ಲಿದ್ದ ಕಾಯಿಯನ್ನು ತಿರುಗಿಸಿ ನೋಡಿದ. "ಅಷ್ಟು ಹೇಳೂಕೆ ಹಾರವಾಡದಿಂದ ಬಂದ್ಯಾ?"

"ಹೌದು." ಮಂಗಲಾ ಅಂಗಳದೊಳಕ್ಕೆ ಇನ್ನೊಂದು ಹೆಜ್ಜೆ ಇಟ್ಟಳು. "ಬೋಣಿಗೆ ನೀ ಬೇಕಾಗೂದಲ್ಲ. ಯಾವ ಕೆಲಸಕ್ಕೂ ನೀ ಬೇಕಾಗೂದಲ್ಲ. ಆದ್ರೂ ಬಾ. ನೀ ಇಲ್ದೆ ನಂಗೆ ಆಗೂದಿಲ್ಲ. ಅವತ್ತು ನಾಲಿಗೆ ಹರಿಬಿಟ್ಟೆ, ನಂದೇ ತಪ್ಪು. ರಾಮನಗುಳಿಗೆ ಹೋಗೂದು ಬ್ಯಾಡ."

ಜಟ್ಟನ ಕೈಯಲ್ಲಿದ್ದ ಕಾಯಿ ಕೈಯಲ್ಲೇ ಇತ್ತು. ಅಷ್ಟರಲ್ಲಿ ಬಾಗಿಲಲ್ಲಿದ್ದ ಸ್ವಾತಿಗೆ ನಗು ತಡೆಯಲಾಗಲಿಲ್ಲ.

"ಮಂಗಲಮ್ಮ, ಬುಟ್ಟಿ ತಂತಾನೇ ಖಾಲಿ ಆಗ್ಯದೆ ಅಂದ್ಕಂಡ್ಯಾ? ಅಪ್ಪ ಹೇಳೂಲ್ಲ, ನಾ ಹೇಳ್ತೆ. ಯಲ್ಲಾಪುರ, ಹುಬ್ಬಳ್ಳಿ ಬಸ್ಸು ಬಂತು ಅಂದ್ರೆ ಇಳಿದವ್ರ ಹಿಂದೆ ಬೀಳ್ತ್ರು ಇವ್ರು. ಮೀನು ಬೇಕಾ, ಒಳಗೆ ಹೋಗಿ, ಬಿಳಿ ಕೂದಲಿನ ಮಂಗಲಕ್ಕ ಅಂತ ಕೇಳಿ, ಅವಳ ಹತ್ರ ಮಾತ್ರ ತಾಜಾ ಅಂತ. ಎಷ್ಟೋ ವರ್ಷದಿಂದ ಇದೇ ಕೆಲಸ. ಜನ ಇವ್ರಿಗೆ ಕಮಿಷನ್ ಅದೆ ಅಂದ್ಕಂಡಾರೆ."

"ಸುಮ್ನಿರೇ" ಎಂದ ಜಟ್ಟ. ಅವನ ಕಿವಿಯವರೆಗೂ ಕೆಂಪೇರಿತ್ತು.

ಮಂಗಲಾ ಜಟ್ಟನ ಕಡೆ ತಿರುಗಿದಳು. ಕೇಳಿದಳು: "ನಾ ಅಷ್ಟು ಬೈದ ಮೇಲೂ ಎಂತಕೆ ನಿಂತೆ ಅಲ್ಲಿ?"

ಜಟ್ಟ ಕಾಯಿಯನ್ನು ಕೆಳಗಿಟ್ಟು ಲುಂಗಿಗೆ ಕೈ ಒರೆಸಿಕೊಂಡ. "ಮೀನು ಉಳಿದ್ರೆ ನೀ ಹೊತ್ಕಂಡು ಕೇರಿ ತಿರಗ್ತೆ. ಆ ಬಿಸಿಲಾಗೆ. ನಿನ್ ಮೊಣಕಾಲು..." ಎಂದ.

ಮೊಣಕಾಲಿನ ವಿಷಯ ಆಕೆ ಮಗನಿಗೆ ಹೇಳಿರಲಿಲ್ಲ, ಸೊಸೆಗೆ ಹೇಳಿರಲಿಲ್ಲ, ಇವನಿಗಂತೂ ಹೇಳಿರಲೇ ಇಲ್ಲ. ಮಂಗಲಾ ಜಗಲಿಯ ಅಂಚಿನಲ್ಲಿ ಕೂತು, ಪಿನ್ನು ಹಾಕಿದ ಸೆರಗನ್ನು ಕಿತ್ತು ಮುಖಕ್ಕೆ ಹಿಡಿದು ಅತ್ತಳು. ಗಂಡ ಹೋದ ಮೇಲೆ ಯಾರೋ ತನ್ನನ್ನು ಹೀಗೆ ದೂರದಿಂದಲೇ ನೋಡಿಕೊಂಡಿದ್ದರು ಎಂಬ ಸುಖಕ್ಕೆ ಅತ್ತಳು. ಸ್ವಾತಿ ಚಹಾ ಮಾಡಲು ಒಳಗೆ ಹೋದಳು. ಹೋಗುವಾಗ ಜಗಲಿಯ ಮೇಲಿನ ಗಂಟನ್ನೂ ಎತ್ತಿಕೊಂಡು ಹೋದಳು.

"ನಾಳೆ ಬತ್ತೆ" ಎಂದ ಜಟ್ಟ.

"ಬೋಣಿಗೆ ಬ್ಯಾಡ."

"ಬೋಣಿಗೆ ಅಲ್ಲ" ಎಂದ ಅವನು.

ಮಂಗಳವಾರ ಬೆಳಿಗ್ಗೆ ಮಂಗಲಾ ಬುಟ್ಟಿ ಇಳಿಸಿದವಳೇ ಮೊದಲು ಬಂದವನಿಗೆ ಬಂಗಡೆ ತೂಗಿ ಕೊಟ್ಟಳು. ಸಾಲಿನಲ್ಲಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಜಟ್ಟ ಬಂದಾಗ ವ್ಯಾಪಾರ ಭರದಲ್ಲಿತ್ತು. ಗಿರಾಕಿಗಳ ನಡುವೆ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಅವನು ತಡವರಿಸಿದ. ಮಂಗಲಾ ತಕ್ಕಡಿ ಹಿಡಿದ ಕೈಯಲ್ಲೇ ತನ್ನ ಪಕ್ಕದ ಜಾಗ ತೋರಿಸಿದಳು. ಜಟ್ಟ ಬುಟ್ಟಿಯನ್ನು ಬಳಸಿಕೊಂಡು ಈಚೆ ಬಂದು, ಮಾರುವವರ ಬದಿಯಲ್ಲಿ, ಹೆಂಗಸರ ಸಾಲಿನಲ್ಲಿ ಕೂತ. ಸುಮ್ಮನೆ ಕೂರಲು ನಾಚಿಕೆಯಾಗಿ ಕತ್ತಿಯೊಂದನ್ನು ಎಳೆದುಕೊಂಡು ತಾರ್ಲೆ ಕೆರೆಯತೊಡಗಿದ. ಬೀರಿ ನಗಲು ಬಾಯಿ ತೆರೆದವಳು ಹಾಗೆಯೇ ಮುಚ್ಚಿಕೊಂಡಳು, ಏಕೆಂದರೆ ಮಾರ್ಕೆಟ್ಟಿನ ಬಾಗಿಲಲ್ಲಿ ಕಿಶೋರ ನಿಂತಿದ್ದ.

ಭಾವಿಕೇರಿಯ ಸುದ್ದಿ ಅವನಿಗೆ ಮುಟ್ಟಿತ್ತು. ಅವನು ದಾಪುಗಾಲು ಹಾಕುತ್ತ ಬಂದು ಬುಟ್ಟಿಯ ಎದುರು ನಿಂತ. ಸುತ್ತಲಿನವರು ತೂಗುವುದನ್ನು ನಿಲ್ಲಿಸಿದರು. ಮಂಗಲಾ ಬುಟ್ಟಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಮಗನನ್ನು ನೋಡಿದಳು.

"ಇವ್ರು ಇನ್ ಮೇಲೆ ಇಲ್ಲೇ ಕೂರ್ತ್ರು" ಎಂದಳು. "ನಿಂಗೆ ಬುಟ್ಟಿ ಎತ್ಕಂಡು ಹೋಗೂದಿದ್ರೆ ಎತ್ತು. ನಾವಿಬ್ರೂ ನೆಲದ ಮೇಲೆ ಇಟ್ಕಂಡು ಮಾರ್ತೋ."

ಕಿಶೋರ ಏನೋ ಹೇಳಲು ಹೊರಟ. ಅವನ ಕಣ್ಣು ಜಟ್ಟನ ಕೈಯ ಮೇಲೆ ಬಿತ್ತು. ಜಟ್ಟ ಹೆದರಿಕೆಯಲ್ಲಿ ತಲೆಯೆತ್ತದೆ ಕೆರೆಯುತ್ತಲೇ ಇದ್ದ. ತಾರ್ಲೆಯನ್ನು ತಲೆಯಿಂದ ಬಾಲದ ಕಡೆಗೆ ಕೆರೆಯುತ್ತಿದ್ದುದರಿಂದ ಒಂದು ಹುರುಪೆಯೂ ಏಳುತ್ತಿರಲಿಲ್ಲ, ಮೀನು ಮಾತ್ರ ಮುದ್ದೆಯಾಗುತ್ತಿತ್ತು. ಕಿಶೋರ ಅದನ್ನು ನೋಡಿದ. ತಾಯಿಯ ಮುಖ ನೋಡಿದ. ಮತ್ತೆ ಮೀನು ನೋಡಿದ. ಮೀನು ಹಾಳಾಗುವುದನ್ನು ನೋಡಿ ಸುಮ್ಮನಿರುವುದು ಆ ಮನೆಯಲ್ಲಿ ಹುಟ್ಟಿದವರಿಂದ ಆಗದ ಕೆಲಸ. ಅವನು ಪ್ಯಾಂಟು ಮಡಚಿ, ಬುಟ್ಟಿಯ ಎದುರು ಕುಕ್ಕರಿಸಿ, ಕೈ ಚಾಚಿ ಕತ್ತಿ ಇಸಿದುಕೊಂಡ.

"ಹಂಗಲ್ಲ ಜಟ್ಟ ಮಾವ, ಬಾಲದ ಬದೀಂದ ತೆಗೀಬೇಕು. ಇಲ್ಲಿ ನೋಡಿ" ಎಂದ.

ಜಟ್ಟ ಬಗ್ಗಿ ನೋಡಿದ. ಮಂಗಲಾ ಬುಟ್ಟಿಯ ಅಂಚನ್ನು ಬಿಟ್ಟು, ಕಾದು ನಿಂತಿದ್ದ ಗಿರಾಕಿಯನ್ನು ಎಷ್ಟು ಬೇಕೆಂದು ಕೇಳಿದಳು.